ರಜೆ ಹಾಕೋ ಮೊದಲು

(ಸಂಘದ 2026ರ ಜನವರಿ ಸ್ನೇಹಕೂಟದಲ್ಲಿ ಆಡಿದ ಮಾತುಗಳ ಬರಹರೂಪ)

ಎಳ್ಳು ಬೆಲ್ಲ ತಿಂದಾಯಿತು, ಊಟಕ್ಕೆ ಇನ್ನೂ ಅರ್ಧ ಗಂಟೆ ಉಂಟು ಅಂತ ಅಡುಗೆಯವರು ಹೇಳ್ತಿದ್ದಾರೆ. ಆ ಅರ್ಧ ಗಂಟೆಯನ್ನು ಕಾರ್ಯದರ್ಶಿಗಳು ನನಗೆ ಕೊಟ್ಟಿದ್ದಾರೆ. ನಾನು ಭಾಷಣಕಾರ ಅಲ್ಲ. ಶಾರ್ಜಾದ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಟೈಮ್‌ಕೀಪರ್. ಹಾಜರಿ, ಓವರ್‌ಟೈಮ್, ರಜೆ ಅರ್ಜಿ, ಇವಿಷ್ಟೇ ನನ್ನ ಪ್ರಪಂಚ. ಎಷ್ಟು ಸಾವಿರ ರಜೆ ಅರ್ಜಿ ನನ್ನ ಮೇಜಿನ ಮೇಲಿಂದ ಹಾದುಹೋಗಿದೆಯೋ ಲೆಕ್ಕ ಇಟ್ಟಿಲ್ಲ. ಹಾಗಾಗಿ ರಜೆ ಬಗ್ಗೆ ಮಾತಾಡಿ ಅಂದಾಗ ಇಲ್ಲ ಅನ್ನಲಿಲ್ಲ.

ಪ್ರತಿ ಡಿಸೆಂಬರ್‌ನಲ್ಲಿ ವಾಟ್ಸಪ್ಪಿನಲ್ಲಿ ಒಂದು ಚಿತ್ರ ಬರ್ತದೆ, ನೀವೂ ನೋಡಿರ್ತೀರಿ. ನಾಲ್ಕು ದಿನ ರಜೆ ಹಾಕಿ, ಒಂಬತ್ತು ದಿನ ಮಜಾ ಮಾಡಿ. ಈದ್‌ಗೆ ಇಷ್ಟು, ನ್ಯಾಷನಲ್ ಡೇಗೆ ಇಷ್ಟು, ಎಲ್ಲ ಬಣ್ಣ ಬಳಿದು ತೋರಿಸ್ತಾರೆ. ಅದು ಸುಳ್ಳಲ್ಲ. ಆದರೆ ಶನಿವಾರ, ಭಾನುವಾರ ಎರಡೂ ದಿನ ರಜೆ ಇರುವವರು ಕೈ ಎತ್ತಿ ನೋಡೋಣ. ನೋಡಿ, ಇಷ್ಟು ದೊಡ್ಡ ಸಭೆಯಲ್ಲಿ ಹತ್ತಿಪ್ಪತ್ತು ಕೈ. 2022ರ ಜನವರಿಯಿಂದ ಈ ದೇಶದಲ್ಲಿ ಸರ್ಕಾರಿ ವಾರಾಂತ್ಯ ಶುಕ್ರವಾರ-ಶನಿವಾರದಿಂದ ಶನಿವಾರ-ಭಾನುವಾರಕ್ಕೆ ಸರಿಯಿತು ಅಂತ ಪೇಪರಿನವರು ಬರೆದರು. ನಮ್ಮಲ್ಲಿ ಹೆಚ್ಚಿನವರಿಗೆ ಆಗಲೂ ವಾರಕ್ಕೆ ಒಂದೇ ದಿನ, ಈಗಲೂ ಒಂದೇ ದಿನ. ಹೋಟೆಲಿನವರಿಗೆ, ಸಲೂನಿನವರಿಗೆ ಆ ಒಂದು ದಿನ ಯಾವ ವಾರ ಅಂತಲೂ ಇಲ್ಲ. ಹಾಗಾಗಿ ಆ ಚಿತ್ರ ನೋಡಿ ಲೆಕ್ಕ ಹಾಕುವ ಮೊದಲು ನಿಮ್ಮ ಆಫೀಸಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ. ನಮ್ಮ ವಾರ್ಷಿಕ ರಜೆಯನ್ನು ಕ್ಯಾಲೆಂಡರ್ ದಿನದಲ್ಲಿ ಎಣಿಸ್ತೀರೋ, ಕೆಲಸದ ದಿನದಲ್ಲಿ ಎಣಿಸ್ತೀರೋ?

ಈ ಪ್ರಶ್ನೆ ಸಣ್ಣದು ಅನ್ನಿಸಬಹುದು. ಇಲ್ಲಿಯ ಖಾಸಗಿ ಕಂಪನಿಗಳ ಕಾರ್ಮಿಕ ಕಾನೂನು 2021ರದ್ದು, 33ನೇ ನಂಬರಿನದು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಒಂದು ವರ್ಷ ಮುಗಿಸಿದವರಿಗೆ ವರ್ಷಕ್ಕೆ 30 ದಿನ. ಆರು ತಿಂಗಳು ದಾಟಿ ವರ್ಷ ತುಂಬದವರಿಗೆ ತಿಂಗಳಿಗೆ ಎರಡು ದಿನ. ಈ 30ನ್ನು ಹೆಚ್ಚಿನ ಕಂಪನಿಗಳು ಕ್ಯಾಲೆಂಡರ್ ದಿನ ಅಂತಲೇ ಹಿಡೀತಾರೆ. ಅಂದರೆ ನಡುವಿನ ವಾರದ ರಜೆಯೂ ನಿಮ್ಮ ಲೆಕ್ಕದಿಂದಲೇ ಹೋಗ್ತದೆ. ಕೆಲವು ಆಫೀಸುಗಳು 22 ಕೆಲಸದ ದಿನ ಅಂತ ಕೊಡ್ತವೆ, ವಾಟ್ಸಪ್ಪಿನ ಲೆಕ್ಕ ಅಂಥವರಿಗೆ ಸರಿ. (ಮನೆಕೆಲಸದವರಿಗೆ ಬೇರೆ ಕಾನೂನು ಉಂಟು. ಡಿಐಎಫ್‌ಸಿ, ಎಡಿಜಿಎಂ ಒಳಗಿನವರಿಗೂ ಬೇರೆ. ಸೌದಿಯಿಂದ ಬಂದ ಸ್ನೇಹಿತರು ಇಲ್ಲಿದ್ದಾರೆ, ಅವರಲ್ಲಿ ಮೊದಲ ಐದು ವರ್ಷ 21 ದಿನ, ಆಮೇಲೆ 30. ನಾನು ಹೇಳ್ತಿರುವುದು ಇಲ್ಲಿಯ ಕಂಪನಿಯವರಿಗೆ.)

ಎರಡನೆಯ ವಿಷಯ ಇನ್ನೂ ಮುಖ್ಯ. ನಿಮ್ಮ ವಾರ್ಷಿಕ ರಜೆಯ ನಡುವೆ ಸರ್ಕಾರಿ ರಜೆ ಬಂದರೆ ಅದು ವಾರ್ಷಿಕ ರಜೆಯ ಒಳಗೇ ಕರಗಿಹೋಗ್ತದೆ. ಕಾಂಟ್ರಾಕ್ಟಿನಲ್ಲಿ ಅಥವಾ ಕಂಪನಿ ನಿಯಮದಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಅದು ಪ್ರತ್ಯೇಕ. ನಮ್ಮವರು ಮಾಡುವುದೇನು? ಈದ್‌ಗೆ ಊರಲ್ಲಿರಬೇಕು ಅಂತ ಒಂದು ವಾರ ಮೊದಲೇ ರಜೆ ಶುರು ಮಾಡ್ತಾರೆ. ಈದಿನ ಮೂರು ದಿನವೂ ಅವರ 30ರೊಳಗೆ ಸೇರಿತು. ಅದೇ ಈದ್ ಮುಗಿದ ಮರುದಿನದಿಂದ ರಜೆ ಬರೆದರೆ?

ಈ ವರ್ಷದ್ದೇ ಹೇಳ್ತೇನೆ. ರಂಜಾನ್ ಈದ್ ಮಾರ್ಚ್ 20ರ ಶುಕ್ರವಾರಕ್ಕೆ ಬಿತ್ತು ಅಂತ ಇಟ್ಟುಕೊಳ್ಳಿ. ಶುಕ್ರ, ಶನಿ, ಭಾನು ಸರ್ಕಾರಿ ರಜೆ. ಅರ್ಜಿಯಲ್ಲಿ ಮಾರ್ಚ್ 23, ಸೋಮವಾರದಿಂದ ಅಂತ ಬರೆದರೆ 30 ದಿನ ಏಪ್ರಿಲ್ 21ಕ್ಕೆ ಮುಗೀತದೆ. ನೀವು ಗುರುವಾರ ರಾತ್ರಿಯೇ ವಿಮಾನ ಹತ್ತಿದರೆ ಊರಲ್ಲಿ 33 ದಿನ. ಆದರೆ ರಜೆ ಶುರುವಾಗುವ ಮೊದಲೇ ದೇಶ ಬಿಡಲು ಕಂಪನಿ ಒಪ್ಪಬೇಕು, ಪಾಸ್‌ಪೋರ್ಟ್ ಕೈಯಲ್ಲಿದೆ ಅಂತ ಹೊರಟುಬಿಡಬೇಡಿ. ಒಂದು ಮೇಲ್, ಅಥವಾ ಅರ್ಜಿಯ ಮೇಲೆ ಮುದೀರ್ ಅವರ ಸಹಿ. ಬಾಯಿಮಾತಿನ "ಖಲಾಸ್, ಮಾಫಿ ಮುಷ್ಕಿಲ್" ನನ್ನ ಫೈಲಿನಲ್ಲಿ ಎಂದೂ ದಾಖಲಾಗಿಲ್ಲ, ಮಾರಾಯ್ರೆ. ಸಹಿ ಆದ ಮೇಲೆಯೇ ಟಿಕೆಟ್. ಯಾಕೆಂದರೆ ರಜೆಯ ತಾರೀಕು ನಿಗದಿ ಮಾಡುವ ಅಧಿಕಾರ ಕಾನೂನು ಕಂಪನಿಗೂ ಕೊಟ್ಟಿದೆ, ಕೆಲಸದ ಅಗತ್ಯ ನೋಡಿ. ಒಂದು ತಿಂಗಳು ಮೊದಲು ತಿಳಿಸಬೇಕು, ಅಷ್ಟೇ.

ಈ "ಇಟ್ಟುಕೊಳ್ಳಿ" ಅನ್ನುವ ಮಾತಿಗೆ ಕಾರಣ ಚಂದ್ರ. ಇದು ನನಗೆ ಬಹಳ ಇಷ್ಟದ ವಿಷಯ, ಒಂದೆರಡು ನಿಮಿಷ ಹೆಚ್ಚು ತೆಗೆದುಕೊಳ್ತೇನೆ. ನಮ್ಮ ಚಾಂದ್ರಮಾನ ಯುಗಾದಿಯೂ ಅಮಾವಾಸ್ಯೆ ಕಳೆದ ಮೇಲೆ, ಈದ್ ಕೂಡ ಅಮಾವಾಸ್ಯೆ ಕಳೆದು ಚಂದ್ರ ಕಂಡ ಮೇಲೆ. 2024ರಲ್ಲಿ ಯುಗಾದಿ ಏಪ್ರಿಲ್ 9, ಇಲ್ಲಿಯ ಈದ್ 10. 2025ರಲ್ಲಿ ಎರಡೂ ಮಾರ್ಚ್ 30ರ ಭಾನುವಾರವೇ. ನಮ್ಮ ಕ್ಯಾಂಪಿನಲ್ಲಿ ಒಂದು ರೂಮಿನಿಂದ ಬೇವು ಬೆಲ್ಲ, ಪಕ್ಕದ ರೂಮಿನಿಂದ ಶೀರ್ ಖುರ್ಮಾ, ಕೆಳಗಿನ ಮಹಡಿಯಿಂದ ಬಿರಿಯಾನಿ, ಒಂದೇ ಬೆಳಿಗ್ಗೆ. ಈ ವರ್ಷ ಯುಗಾದಿ ಮಾರ್ಚ್ 19, ಗುರುವಾರ. ಉಪವಾಸ ಫೆಬ್ರವರಿ 18ಕ್ಕೆ ಶುರುವಾದರೆ ಯುಗಾದಿ ದಿನ ರಜೆ ಗ್ಯಾರಂಟಿ. ಹೇಗೆ ಅಂದರೆ, ರಂಜಾನ್ 29ಕ್ಕೆ ಮುಗಿದರೆ ಆ ಗುರುವಾರವೇ ಈದ್. 30 ಪೂರ್ತಿಯಾದರೆ 30ನೇ ದಿನವನ್ನೂ ಈದ್ ರಜೆಗೆ ಸೇರಿಸಬೇಕು ಅಂತ 2025ರಿಂದ ಜಾರಿಗೆ ಬಂದ ಕ್ಯಾಬಿನೆಟ್ ನಿರ್ಣಯ ಹೇಳ್ತದೆ. ಉಪವಾಸ 19ಕ್ಕೆ ಶುರುವಾದರೆ ಮಾತ್ರ ಯುಗಾದಿಗೆ ಡ್ಯೂಟಿ. ನಮ್ಮ ಯುಗಾದಿ ರಜೆಗೂ ಇಲ್ಲಿಯ ಚಂದ್ರದರ್ಶನ ಸಮಿತಿಯ ಕಡೆ ಕಣ್ಣಿಟ್ಟು ಕೂರಬೇಕು ನೋಡಿ.

ಇದು ಮೂರು ವರ್ಷದ ಭಾಗ್ಯ ಅಷ್ಟೇ. ಅವರ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು, ಹಾಗೇ ಹಿಂದೆ ಹಿಂದೆ ಸರೀತಾ ಹೋಗ್ತದೆ. ನಮ್ಮಲ್ಲಿ ಅಧಿಕ ಮಾಸ ಬಂದು ಸರಿಮಾಡ್ತದೆ. ಈ ವರ್ಷ ಜ್ಯೇಷ್ಠದಲ್ಲಿ ಅಧಿಕ ಉಂಟು, ಹಾಗಾಗಿ 2027ರ ಯುಗಾದಿ ಏಪ್ರಿಲ್‌ಗೆ ಹೋಗ್ತದೆ, ಈದ್ ಮಾರ್ಚ್ ಮೊದಲ ಹದಿನೈದು ದಿನದೊಳಗೆ ಬರ್ತದೆ. ಎರಡಕ್ಕೂ ಸೇರಿಸಿ ಒಂದೇ ರಜೆ ಹಾಕುವವರು ಈ ಸಲವೇ ಹಾಕಿ.

ಚಂದ್ರನನ್ನು ನಂಬಿ ಟಿಕೆಟ್ ಮಾಡುವವರಿಗೆ ಒಂದು ಮಾತು. ದಿನ ಖಾತ್ರಿಯಾಗುವುದು ಹಿಂದಿನ ರಾತ್ರಿ. ಹಣ ವಾಪಸಾಗದ ಟಿಕೆಟ್ಟನ್ನು ಈದಿನ ಹಿಂದಿನ ದಿನಕ್ಕೆ ಮಾಡಬೇಡಿ. ಈದ್ ಅಲ್ಲದ ಬೇರೆ ರಜೆಗಳನ್ನು ವಾರದ ಆದಿಗೋ ಅಂತ್ಯಕ್ಕೋ ಸರಿಸಲು ಕ್ಯಾಬಿನೆಟ್‌ಗೆ ಅಧಿಕಾರ ಉಂಟು. ಹೋದ ವರ್ಷ ಹಿಜರಿ ಹೊಸ ವರ್ಷದ ರಜೆಯನ್ನು ಜೂನ್ 27ರ ಶುಕ್ರವಾರ ಕೊಟ್ಟರು. ನ್ಯಾಷನಲ್ ಡೇ 2 ಮತ್ತು 3ರ ಬದಲು ಡಿಸೆಂಬರ್ 1 ಮತ್ತು 2 ಆಯಿತು. ಗೋಡೆ ಕ್ಯಾಲೆಂಡರ್ ನೋಡಿ 3ನೇ ತಾರೀಕು ಮನೆಯಲ್ಲಿ ಮಲಗಿದವರ ಹಾಜರಿಯಲ್ಲಿ ನಾನೇ ಗೈರು ಅಂತ ಬರೆಯಬೇಕಾಯಿತು.

ಈಗ, ರಜೆಯ ದಿನವೂ ದುಡಿಯುವವರ ಮಾತು. ನಮ್ಮ ಹೋಟೆಲಿನವರು, ಆಸ್ಪತ್ರೆಯವರು, ಸೂಪರ್ ಮಾರ್ಕೆಟಿನವರು. ಸರ್ಕಾರಿ ರಜೆಯ ದಿನ ಕೆಲಸ ಮಾಡಿಸಿಕೊಂಡರೆ ಬದಲಿಗೆ ಇನ್ನೊಂದು ದಿನ ರಜೆ ಕೊಡಬೇಕು. ಇಲ್ಲವೇ ಆ ದಿನದ ಸಂಬಳದ ಜೊತೆಗೆ ಬೇಸಿಕ್‌ನ ಕನಿಷ್ಠ ಶೇಕಡಾ 50 ಹೆಚ್ಚು ಕೊಡಬೇಕು. ಬೇಸಿಕ್ ಅನ್ನುವ ಶಬ್ದ ಗಮನಿಸಿ. ಅಲೋವೆನ್ಸ್ ಅಲ್ಲ. ಬೇಸಿಕ್ 900 ದಿರಂ ಇದ್ದವನಿಗೆ ದಿನಕ್ಕೆ 30, ಅದರ ಅರ್ಧ 15 ದಿರಂ. ಆ ಹದಿನೈದು ದಿರಂಗಿಂತ ಒಂದು ದಿನದ ರಜೆ ಎಷ್ಟೋ ಮೇಲು ಅಂತ ನನ್ನ ಅಭಿಪ್ರಾಯ. ಅಂಥ ನಾಲ್ಕೈದು ದಿನ ಕೂಡಿಟ್ಟು ವಾರ್ಷಿಕ ರಜೆಯ ಬಾಲಕ್ಕೆ ಕಟ್ಟಿಕೊಂಡು ಊರಿಗೆ ಹೋದವರನ್ನು ನೋಡಿದ್ದೇನೆ. ಸೂಪರ್‌ವೈಸರ್ ಹತ್ತಿರ ತಾರೀಕು ಬರೆಸಿಕೊಳ್ಳಿ, ಸೂಪರ್‌ವೈಸರ್ ಬದಲಾದರೆ ಬಾಯಿಲೆಕ್ಕ ಯಾರಿಗೂ ನೆನಪಿರೋದಿಲ್ಲ.

ಇನ್ನು ಚೌತಿ, ದೀಪಾವಳಿ, ಕ್ರಿಸ್‌ಮಸ್ ಇಲ್ಲಿ ಸರ್ಕಾರಿ ರಜೆ ಅಲ್ಲ. ಅದಕ್ಕೆ ನಮ್ಮವರೇ ಕಂಡುಕೊಂಡ ದಾರಿ ಉಂಟು. ನಮ್ಮ ಕ್ಯಾಂಪಿನ ಮೆಸ್ಸಿನಲ್ಲಿ ಈದಿನ ಮೂರು ದಿನವೂ ಅಡುಗೆ ಮನೆ ನಡೆಸುವವರು ಕುಂದಾಪುರದ ಇಬ್ಬರು ಭಟ್ರು ಮತ್ತು ಬಾರಕೂರಿನ ಒಬ್ಬ ಪುರ್ಬು. ದೀಪಾವಳಿಗೆ ಭಟ್ಕಳದ, ಉಳ್ಳಾಲದ ಹುಡುಗರು ನಿಲ್ತಾರೆ. ಕ್ರಿಸ್‌ಮಸ್ ಈವ್‌ಗೆ ಇವರೆಲ್ಲ ಸೇರಿ ಪುರ್ಬುವನ್ನು ಕಳಿಸ್ತಾರೆ. ಯಾರೂ ಭಾಷಣ ಮಾಡಿ ಏರ್ಪಡಿಸಿದ್ದಲ್ಲ. ಆದರೂ ಬದಲಿ ಡ್ಯೂಟಿಯ ಹಾಜರಿ ಮಾತ್ರ ಸರಿಯಾದ ಹೆಸರಿಗೇ ಬೀಳಬೇಕು. ಇವನ ಪಂಚ್ ಅವನು ಮಾಡಿದರೆ ಇಬ್ಬರಿಗೂ ತೊಂದರೆ.

ಊರಿಗೆ ಯಾವಾಗ ಹೋಗಬೇಕು ಅನ್ನುವುದಕ್ಕೆ ಟಿಕೆಟ್ ದರ ಒಂದೇ ಅಳತೆ ಮಾಡಿಕೊಂಡವರಿದ್ದಾರೆ. ಜುಲೈ-ಆಗಸ್ಟ್ ಮತ್ತು ಡಿಸೆಂಬರ್ ದುಬಾರಿ, ಅದು ಎಲ್ಲರಿಗೂ ಗೊತ್ತು. ಸಂಸಾರ ಇಲ್ಲೇ ಇರುವವರಿಗೆ ಬೇರೆ ದಾರಿಯಿಲ್ಲ, ಇಲ್ಲಿಯ ಶಾಲೆಗಳಿಗೆ ಆಗಲೇ ರಜೆ. ಬಜ್ಪೆಯಲ್ಲಿ ಇಳಿದರೆ ಜಡಿಮಳೆ, ಊರಿನ ಮಕ್ಕಳಿಗೆ ಶಾಲೆ, ಅಜ್ಜಿಮನೆಯಲ್ಲಿ ಆಡಲು ಜೊತೆಯಿಲ್ಲ. ಒಂಟಿಯಾಗಿರುವವರಿಗೆ ಆ ಕಟ್ಟು ಇಲ್ಲ. ಕರಾವಳಿಯವರು ಕುಟುಂಬದ ನೇಮ, ಕೋಲ ಬೇಕು ಅಂದರೆ ಮೇ 24ರ ಸುಮಾರಿನ ಪತ್ತನಾಜೆಗೆ ಮೊದಲೇ ಹೋಗಿ ಬರಬೇಕು, ಆಮೇಲೆ ದೀಪಾವಳಿವರೆಗೆ ಗೆಜ್ಜೆ ಸದ್ದಿಲ್ಲ. ಕಲಬುರಗಿ, ವಿಜಯಪುರ, ರಾಯಚೂರಿನವರು ಹೋಗಿ ಬರುವ ದಾರಿಗೇ ಮೂರು ದಿನ ತೆಗೆದಿಡಬೇಕು. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇಳಿದು ರಾತ್ರಿ ಬಸ್ಸು, ರೈಲು. ಒಂಬತ್ತು ದಿನದ ರಜೆ ಅವರಿಗೆ ಆರೇ ದಿನ.

ಈಗ ನಾನು ನಿಜಕ್ಕೂ ಹೇಳಬೇಕೆಂದು ಬಂದ ವಿಷಯ. ಹೋದ ವರ್ಷ ನಮ್ಮ ಸೈಟಿನಲ್ಲಿ ಸಿಂದಗಿ ಕಡೆಯ ಒಬ್ಬ ತಮ್ಮ, ಶಟರಿಂಗ್ ಕಾರ್ಪೆಂಟರ್, ಬಕ್ರೀದ್ ರಜೆಗೆ ಸೇರಿಸಿ ತನ್ನ 30 ದಿನವನ್ನೂ ಒಟ್ಟಿಗೆ ತೆಗೆದುಕೊಂಡ. ತಂಗಿಯ ಮದುವೆ ಇತ್ತು, ತಪ್ಪಲ್ಲ. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಆರಕ್ಕೆ ಫೋನ್. ಅಪ್ಪ ಹೋದರು. ಅವನಿಗೆ ಸಿಕ್ಕಿದ್ದು ಆ ರಾತ್ರಿಯ ಹೈದರಾಬಾದ್ ವಿಮಾನ. ಊರು ಮುಟ್ಟುವಾಗ ಮರುದಿನ ಮಧ್ಯಾಹ್ನ, ಮಣ್ಣು ಮಾಡಿ ಆಗಿತ್ತು. ಕಾನೂನು ಹೇಳುವುದು ಹೀಗೆ: ಗಂಡ ಅಥವಾ ಹೆಂಡತಿ ತೀರಿಕೊಂಡರೆ ಐದು ದಿನ. ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳಾದರೆ ಮೂರು ದಿನ, ಸಾವಿನ ದಿನದಿಂದಲೇ ಎಣಿಕೆ. ಅತ್ತೆ ಮಾವ ಆ ಪಟ್ಟಿಯಲ್ಲಿ ಇಲ್ಲ. ಅವನು ಮನೆ ಬಾಗಿಲಲ್ಲಿ ನಿಂತಾಗ ಎರಡನೇ ದಿನ ಅರ್ಧ ಕಳೆದಿತ್ತು. ಹನ್ನೊಂದನೇ ದಿನದ ಕಾರ್ಯಕ್ಕೆ ದೊಡ್ಡ ಮಗ ಅವನೇ.

ಕಂಪನಿ ಸಂಬಳವಿಲ್ಲದ ರಜೆ ಕೊಟ್ಟಿತು, ಹತ್ತು ದಿನ. ಆ ತಿಂಗಳ ಪೇ ಶೀಟ್ ಬರೆದವನು ನಾನು. ಮದುವೆ ಸಾಲದ ಕಂತು, ತಿಥಿಯ ಖರ್ಚು, ತುರ್ತು ಟಿಕೆಟ್ ಮೂರೂ ಒಂದೇ ತಿಂಗಳಲ್ಲಿ, ಕೈಗೆ ಬಂದದ್ದು ಮೂರನೇ ಎರಡು ಭಾಗ. ಅವನ ಪಕ್ಕದ ಮಂಚದವನಿಗೆ ಅದೇ ವರ್ಷ ಅಮ್ಮನಿಗೆ ಆಪರೇಷನ್ ಅಂತ ಕರೆ ಬಂತು. ಅದಕ್ಕಂತೂ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಅವನ ಖಾತೆಯಲ್ಲಿ ಎಂಟು ದಿನ ಬಾಕಿ ಇತ್ತು, ಅರ್ಜಿ ಬರೆದು ಹೋಗಿ ಬಂದ.

ಹಾಗಾಗಿ ನನ್ನ ಕೋರಿಕೆ, 30ರಲ್ಲಿ 22 ಖರ್ಚು ಮಾಡಿ, ಎಂಟನ್ನು ಮುಟ್ಟಬೇಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಹತ್ತು. ಸರ್ಕಾರಿ ರಜೆ ಪಕ್ಕದಲ್ಲಿ ರಜೆ ಬರೆದು ಗಳಿಸುವ ಮೂರು ದಿನ, ಈದ್ ಡ್ಯೂಟಿ ಮಾಡಿ ಕೂಡಿಡುವ ಎರಡು ದಿನ, ಇದೆಲ್ಲ ಆ ಎಂಟನ್ನು ಉಳಿಸಲಿಕ್ಕೆ ಉಪಯೋಗಕ್ಕೆ ಬರಲಿ. "ಉಳಿಸಿದರೆ ಲ್ಯಾಪ್ಸ್ ಆಗ್ತದಲ್ಲ ಅಣ್ಣ" ಅಂತ ಕೇಳ್ತೀರಿ. ವರ್ಷದ ರಜೆಯ ಅರ್ಧದವರೆಗೆ ಮುಂದಿನ ವರ್ಷಕ್ಕೆ ಒಯ್ಯಲು, ಇಲ್ಲವೇ ಕಂಪನಿಯೊಂದಿಗೆ ಒಪ್ಪಿಕೊಂಡು ದುಡ್ಡಾಗಿ ಪಡೆಯಲು ನಿಯಮದಲ್ಲೇ ಅವಕಾಶ ಉಂಟು. ಕೆಲಸ ಬಿಡುವಾಗ ಉಳಿದ ದಿನಕ್ಕೆ ಬೇಸಿಕ್ ಲೆಕ್ಕದಲ್ಲಿ ಹಣ ಕೊಡಬೇಕು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ರಜೆಯನ್ನೇ ಕೊಡದೆ ತಡೆಯುವ ಹಾಗೂ ಇಲ್ಲ.

ಇನ್ನೊಂದು, ಹೋದವರು ಹೇಳಿದ ದಿನಕ್ಕೆ ಬನ್ನಿ. ತಡವಾದರೆ ಒಂದು ಮೆಸೇಜ್, ಆಸ್ಪತ್ರೆಯ ಕಾಗದ, ಏನಾದರೂ ಕಳಿಸಿ. ಸರಿಯಾದ ಕಾರಣವಿಲ್ಲದೆ ಸತತವಾಗಿ ಏಳು ದಿನಕ್ಕಿಂತ ಹೆಚ್ಚು ಗೈರಾದರೆ ನೋಟಿಸ್ ಇಲ್ಲದೆ ತೆಗೆಯುವ ಅಧಿಕಾರ ಕಂಪನಿಗೆ ಉಂಟು.

ಬಾಗಿಲ ಹತ್ತಿರದ ಮೇಜಿನ ಮೇಲೆ ಎರಡು ಕಾಗದ ಇಟ್ಟಿದ್ದೇನೆ. ಒಂದರಲ್ಲಿ ಈ ವರ್ಷದ ರಜೆಗಳ ಅಂದಾಜು ತಾರೀಕು ಮತ್ತು ನಮ್ಮ ಹಬ್ಬಗಳು ಅಕ್ಕಪಕ್ಕದಲ್ಲಿವೆ, ಫೋಟೊ ಹೊಡೆದುಕೊಳ್ಳಿ. ಇನ್ನೊಂದು ಖಾಲಿ ಹಾಳೆ. ಮಾರ್ಚ್‌ನಲ್ಲಿ ಊರಿಗೆ ಹೋಗುವವರು ಹೆಸರು, ತಾರೀಕು, ಇಳಿಯುವ ವಿಮಾನ ನಿಲ್ದಾಣ ಬರೆಯಿರಿ. ಒಂದೇ ದಿಕ್ಕಿಗೆ ಹೋಗುವವರು ಸೇರಿಕೊಂಡರೆ ಬೆಂಗಳೂರಿನಿಂದ ಮುಂದಕ್ಕೆ ಒಂದೇ ಗಾಡಿ ಮಾಡಬಹುದು. ಔಷಧಿಯೋ ಸಾಮಾನೋ ಕಳಿಸಬೇಕಾದವರಿಗೂ ಗೊತ್ತಾಗ್ತದೆ. ಅನ್ನ ಸಾರಿನ ವಾಸನೆ ಬರ್ತಾ ಉಂಟು, ನಾನು ಇಳೀತೇನೆ.