ಅನ್ಯರ ಅಂಗಳದಲ್ಲಿ ನಮ್ಮ ಸಭೆ



ಲಕ್ಷಾಂತರ ಭಾರತೀಯರು ನೆರೆದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. 2022ರಲ್ಲಿ ಟ್ವಿಟರ್ ಒಬ್ಬ ಶ್ರೀಮಂತನ ಸ್ವತ್ತಾಯಿತು. ಅಲ್ಲಿ ನೆರೆದಿದ್ದವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅನ್ಯರ ಅಂಗಳದಲ್ಲಿ ಸಭೆ ಸೇರಿದವರು ಯಜಮಾನನು ಗೇಟು ಮುಚ್ಚಿದಾಗ ಎದ್ದು ಹೋಗಲೇಬೇಕು.

ಪರ್ಯಾಯವಿದೆ. 2016ರಲ್ಲಿ ಆರಂಭವಾದ ಮ್ಯಾಸ್ಟೊಡಾನ್‌ನ ತಂತ್ರಾಂಶವು ಮುಕ್ತವಾಗಿದ್ದು, ಯಾರು ಬೇಕಾದರೂ ತಮ್ಮದೇ ಸರ್ವರ್ ಸ್ಥಾಪಿಸಬಹುದು. ಇಮೇಲ್‌ನಂತೆ ಬೇರೆ ಬೇರೆ ಸರ್ವರ್‌ಗಳವರು ಪರಸ್ಪರ ಸಂವಾದಿಸಬಹುದು. ಒಂದೆಡೆ ಅನ್ಯಾಯವೆನಿಸಿದರೆ ಅನುಯಾಯಿಗಳ ಸಮೇತ ಇನ್ನೊಂದೆಡೆಗೆ ತೆರಳಬಹುದು. ಹಳೆಯ ಬರಹಗಳು ಮಾತ್ರ ಹಿಂದೆಯೇ ಉಳಿಯುತ್ತವೆ.

ಆದರೆ ಸ್ವಾತಂತ್ರ್ಯವು ಪುಕ್ಕಟೆಯಲ್ಲ. ಸರ್ವರ್‌ನ ಖರ್ಚು, ನಿಂದನೆ-ವದಂತಿಗಳ ಮೇಲಿನ ನಿಗಾ ಎಲ್ಲವೂ ನಮ್ಮ ಹೆಗಲಿಗೇ ಬರುತ್ತದೆ. ಊರಿನ ಗ್ರಂಥಾಲಯಕ್ಕೆ ವಂತಿಗೆ ಎತ್ತುವ ನಾವು ಇದಕ್ಕೇಕೆ ಹಿಂಜರಿಯಬೇಕು? ದೂರುವುದನ್ನು ಬಿಟ್ಟು ಹೊಣೆ ಹೊರಲು ನಾವು ಸಿದ್ಧರಿದ್ದೇವೆಯೇ?