ಹೊಳೆ ಏರಿದ್ರೆ ಮಳೆ ಆಗಿದೆ ಅಂತಲೇ?

ಹೊನ್ನಾಳಿ ಸೇತುವೆ ಮೇಲಿಂದ ನೋಡಿದ್ರೆ ತುಂಗಭದ್ರೆ ಏರಿದೆ. ತಕ್ಷಣ 'ಮಲೆನಾಡಲ್ಲಿ ಜೋರು ಮಳೆ' ಅಂತೀವಿ. ಕಾರ್ಯ ನೋಡಿ ಕಾರಣ ತಿಳಿಯೋದು. ನ್ಯಾಯದರ್ಶನ ಇದನ್ನು ಅನುಮಾನ ಅನ್ನುತ್ತೆ; ನಾವು ದಿನಾ ಪಡೋ ಅನುಮಾನ ಬೇರೆ, ಬಿಡಿ. ಅಲ್ಲಿನ ಉದಾಹರಣೆಯೂ ಉಕ್ಕಿದ ಹೊಳೆಯದ್ದೇ! ಆದರೆ ನ್ಯಾಯಸೂತ್ರದಲ್ಲೇ ಆಕ್ಷೇಪವೂ ಇದೆ: ನೀರಿಗೆ ಅಡ್ಡ ಕಟ್ಟಿದರೂ ಹೊಳೆ ಏರಲ್ವಾ?

ನಮ್ಮ ಕಥೆ ಇನ್ನೂ ತಮಾಷೆ. ಬೇಸಿಗೆಯಲ್ಲಿ ಲಕ್ಕವಳ್ಳಿಯ ಭದ್ರಾ ಡ್ಯಾಂನಿಂದ ನದಿಗೆ ನೀರು ಬಿಟ್ಟರೆ, ಒಂದು ಮೋಡ ಇಲ್ಲದೆಯೂ ಇಲ್ಲಿ ಹೊಳೆ ಏರುತ್ತೆ.

ಹಾಗಾದ್ರೆ ಅನುಮಾನವೇ ಸುಳ್ಳಾ? ಭಾಷ್ಯಕಾರ ವಾತ್ಸ್ಯಾಯನ ಒಪ್ಪಲ್ಲ. ಬರೀ ಏರಿದ್ದು ಸಾಲದು. ಹರಿವಿನ ರಭಸ, ನೊರೆ, ತೇಲಿ ಬರೋ ಹಣ್ಣು, ಎಲೆ, ಕಟ್ಟಿಗೆ ಎಲ್ಲಾ ಸೇರಿದ್ರೆ ಮಾತ್ರ ಮಳೆ ಅನ್ನಬಹುದು ಅಂತಾರೆ. ದಂಡೆಯ ಪಂಪ್‌ಸೆಟ್ ಈಗಲೇ ಎತ್ತಬೇಕಾ ಅನ್ನೋರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಡ್ಯಾಂ ನೀರಿಗೆ ಕ್ಯುಸೆಕ್ ಲೆಕ್ಕ ಇರುತ್ತೆ, ಮಳೆ ನೀರಿಗೆ ಯಾರು ಲೆಕ್ಕ ಕೊಡ್ತಾರೆ?