ಹೇಳಿ ಬರೆಸಿದ ಚಿತ್ರ



ಘಟಿಕೋತ್ಸವಕ್ಕೆ ವಿಜ್ಞಾನಿಯನ್ನೋ ಅಧಿಕಾರಿಯನ್ನೋ ಕರೆಯುವುದು ರೂಢಿ. ನೀವು ಪೊಟ್ಟಣ, ಪೆಟ್ಟಿಗೆ, ಕ್ಯಾಲೆಂಡರ್, ಮುಖಪುಟಗಳಿಗೆ ದುಡ್ಡು ತಗೊಂಡು ಚಿತ್ರ ಬರೆಯುವವನನ್ನು ಕರೆದಿದ್ದೀರಿ. ಸಂಬಳವಿಲ್ಲ, ಪಿಂಚಣಿಯಿಲ್ಲ, ಕೆಲಸ ಬಂದಾಗ ಹಬ್ಬ, ಬಾರದಾಗ ಏಕಾದಶಿ. ಹಾಗಾಗಿ ಕಸುಬಿನ ಮಾತನ್ನೇ ಆಡುತ್ತೇನೆ.

ನನಗೆ ಬಹಳ ಇಷ್ಟವಾದ ಚಿತ್ರಗಳಲ್ಲಿ ಬೀಡಿ ಕಟ್ಟಿನ ಹಳೆಯ ಲೇಬಲ್ಲುಗಳೂ ಇವೆ. ಬೀಡಿ ಕಟ್ಟುವ ನಿಪ್ಪಾಣಿಯವರಿಗೆ ಅವುಗಳ ಪರಿಚಯ ಮಾಡಿಕೊಡಬೇಕಿಲ್ಲ. ಅಂಗೈಗಿಂತ ಚಿಕ್ಕ ತೆಳು ಕಾಗದ, ಎರಡೋ ಮೂರೋ ಬಣ್ಣ. ಓದು ಬಾರದ ಗಿರಾಕಿಗೆ ಚಿತ್ರವೇ ಕಂಪನಿಯ ಹೆಸರು. ಒಂದು ಪ್ರಾಣಿ, ಒಂದು ದೀಪ, ಇಲ್ಲವೇ ಮಾಲೀಕನ ಪಟ. ಅಂಗಡಿಯ ಮಬ್ಬು ಬೆಳಕಿನಲ್ಲಿ, ಎರಡು ಮಾರು ದೂರದಿಂದ ಅದು ಗುರುತು ಸಿಗಬೇಕು. ಅದಕ್ಕೇ ಗೆರೆ ದಪ್ಪ, ಹಿನ್ನೆಲೆ ಖಾಲಿ. ಅಚ್ಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಜರುಗಿದರೂ ಮುಖ ಕೆಡಬಾರದು. ಇಷ್ಟೆಲ್ಲ ಲೆಕ್ಕ ಹಾಕಿ ಬರೆದವರ ಹೆಸರು ಮಾತ್ರ ಆ ಕಾಗದದ ಮೇಲೆ ಎಲ್ಲೂ ಇಲ್ಲ.

ಈಗ ಆ ಚಿತ್ರಕ್ಕೆ ಜಾಗವೂ ಕಿರಿದಾಗಿದೆ: 2016ರ ಏಪ್ರಿಲ್‌ನಿಂದ ತಂಬಾಕಿನ ಪೊಟ್ಟಣಗಳ ಮೇಲೆ ಶೇಕಡಾ 85ರಷ್ಟು ಜಾಗವನ್ನು ಆರೋಗ್ಯದ ಎಚ್ಚರಿಕೆಗೆ ಬಿಡಬೇಕೆಂದು ನಿಯಮವಾಯಿತು. ಸರಿಯಾದ ನಿಯಮವೇ. ತಂಬಾಕಿಗೆ ನಾನು ಚಿತ್ರ ಬರೆಯುವುದಿಲ್ಲ. ಆದರೆ ಬೀಡಿ ಕಟ್ಟಿ ಮಕ್ಕಳನ್ನು ಈ ಸಭಾಂಗಣದವರೆಗೆ ತಂದ ತಾಯಂದಿರ ಎದುರು ಅದನ್ನೊಂದು ಹೆಚ್ಚುಗಾರಿಕೆಯಾಗಿ ಹೇಳಿಕೊಳ್ಳಲು ಬಾಯಿ ಬಾರದು.

ಹೆಸರು ಉಳಿಸಿಕೊಂಡವರೂ ಇದ್ದಾರೆ. ಎಸ್.ಎಂ. ಪಂಡಿತರು 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಮೆಟ್ರೊ ಚಿತ್ರಮಂದಿರಕ್ಕೆ ಬರುವ ಹಾಲಿವುಡ್ ಚಿತ್ರಗಳಿಗೆ ಪ್ರಚಾರ ಫಲಕ ಬರೆದರು, ಹಿಂದಿ ಸಿನಿಮಾಗಳ ಪೋಸ್ಟರ್ ಬರೆದರು, ಆಮೇಲೆ ಕ್ಯಾಲೆಂಡರುಗಳಿಗೆ ಪುರಾಣದ ನಾಯಕ-ನಾಯಕಿಯರನ್ನು ಬರೆದರು. ಅವರ ಶಕುಂತಲೆ, ಮೇನಕೆಯರನ್ನು ನೋಡಿ: ಬೆಳಕು ಕೆನ್ನೆಯ ಮೇಲೆ ಬೀಳುವ ರೀತಿ ಹಾಲಿವುಡ್ಡಿನದು, ಕೂತ ಭಂಗಿ ನಮ್ಮ ಕಂಪನಿ ನಾಟಕದ್ದು. ‘ಕ್ಯಾಲೆಂಡರ್ ಕಲೆ’ ಎಂದು ಮೂಗು ಮುರಿಯುವ ಪಂಡಿತರು ಬೇರೆ ಇದ್ದಾರೆ. ಅವರ ಮಾತು ಕೇಳಬೇಡಿ. ವರ್ಷಗಟ್ಟಲೆ ಅದೇ ಗೋಡೆಯ ಮೇಲಿದ್ದರೂ ಬೇಸರ ತರದ ಚಿತ್ರ ಬರೆಯುವುದು ಹುಡುಗಾಟವಲ್ಲ. ಇಂದು ಕಲಬುರಗಿಯ ರಂಗಮಂದಿರಕ್ಕೆ ಎಸ್.ಎಂ. ಪಂಡಿತರ ಹೆಸರಿದೆ.

ನಮ್ಮ ಜಿಲ್ಲೆಯವರೇ ಒಬ್ಬರು ರವಿ ಪರಾಂಜಪೆ. 1935ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ, ಅಲ್ಲೇ ಕೆ.ಬಿ. ಕುಲಕರ್ಣಿಯವರ ಕೈಯಲ್ಲಿ ಪಳಗಿ, ಮುಂಬೈಯ ಜಾಹೀರಾತು ಸ್ಟುಡಿಯೋಗಳಿಗೆ ಹೋದರು. ನೈರೋಬಿಯಲ್ಲೂ ದುಡಿದು ಬಂದರು. ಆಮೇಲೆ ಯಾರ ನೌಕರಿಯೂ ಬೇಡವೆಂದು ಸ್ವತಂತ್ರವಾಗಿ ನಿಂತರು. ಇನ್ನೂ ಕಟ್ಟದಿರುವ ಕಟ್ಟಡಗಳ ಚಿತ್ರಗಳನ್ನು ವಾಸ್ತುಶಿಲ್ಪಿಗಳಿಗಾಗಿ ಬರೆದರು. ಆ ಕೆಲಸದ ಸೊಗಸು ನನಗೆ ಇಂದಿಗೂ ಸೋಜಿಗ. ಪಾಯ ತೋಡುವ ಮೊದಲೇ ಆ ಗೋಡೆಗೆ ಸಂಜೆಯ ಬಿಸಿಲು ಹೇಗೆ ಬೀಳುತ್ತದೆ, ಮುಂದಿನ ಮರ ಎಷ್ಟು ನೆರಳು ಕೊಡುತ್ತದೆ ಎಂದು ನಕ್ಷೆಯ ಸಣ್ಣ ಗೆರೆಗಳನ್ನು ನೋಡಿಯೇ ಹೇಳಬೇಕು. ಹೊಟ್ಟೆಪಾಡಿನ ಕೆಲಸದ ಜೊತೆಗೇ ತಮ್ಮ ಇಷ್ಟದ ವರ್ಣಚಿತ್ರಗಳನ್ನೂ ಬರೆದರು. ಎರಡಕ್ಕೂ ಕೈ ಒಂದೇ ಎಂಬುದು ಅವರ ಚಿತ್ರ ನೋಡಿದರೆ ತಿಳಿಯುತ್ತದೆ. 2022ರಲ್ಲಿ ತೀರಿಕೊಂಡರು.

ಇನ್ನು ಇಂದು ಪದವಿ ಪಡೆದ ನಿಮ್ಮ ಪಾಡು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮನ್ನು ಇಂದು ರಾತ್ರಿಯೇ ಓದಿ. ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರದ ಮೊದಲ ಹಕ್ಕುದಾರ ಬರೆಸಿದವನೇ, ಬೇರೆ ಕರಾರು ಇಲ್ಲದಿದ್ದರೆ. ಆ ‘ಇಲ್ಲದಿದ್ದರೆ’ಯಲ್ಲೇ ನಿಮ್ಮ ಅನ್ನವಿದೆ. ಯಾವುದಕ್ಕೆ ಬಳಸುತ್ತಾರೆ, ಎಷ್ಟು ವರ್ಷ, ಮೂಲಚಿತ್ರ ಯಾರ ಬಳಿ ಉಳಿಯುತ್ತದೆ ಎಂದು ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿ. ಗಿರಾಕಿ ಸ್ವಂತ ಸೋದರಮಾವನಾದರೂ ಸರಿ. ಮಾವನಾದರೆ ಇನ್ನೂ ಮೊದಲು. 57ನೆಯ ಕಲಮಿನ ಪ್ರಕಾರ, ಹಕ್ಕು ಮಾರಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಅಧಿಕಾರ ನಿಮ್ಮಲ್ಲೇ ಇರುತ್ತದೆ. ಮೂಲೆಯಲ್ಲಿ ಹೆಸರು ಹಾಕುವುದಕ್ಕೆ ಸಂಕೋಚಪಡಬೇಡಿ.

ಹೆಸರಿಲ್ಲದಿದ್ದರೆ ಏನಾಗುತ್ತದೆ ಎಂಬುದು ಅಥಣಿಯವರಿಗೆ ಗೊತ್ತು. ಅಲ್ಲಿ ಹೊಲಿದ ಚಪ್ಪಲಿ ಪೇಟೆಯಲ್ಲಿ ಕೊಲ್ಹಾಪುರಿ ಎಂದೇ ಮಾರಾಟವಾಗುತ್ತದೆ. ಅದರ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಇದು ಎಷ್ಟು ಗಿರಾಕಿಗಳಿಗೆ ಗೊತ್ತಿದೆ? 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅದೇ ಬಗೆಯ ಚಪ್ಪಲಿ ತೋರಿಸಿದಾಗ ಭಾರತದ ಹೆಸರೇ ಎತ್ತಲಿಲ್ಲ. ಗದ್ದಲವೆದ್ದ ಮೇಲೆ ಒಪ್ಪಿಕೊಂಡಿತು.

ಈ ಸೀಮೆಯಲ್ಲಿ ಚಿತ್ರದ ಕೆಲಸ ಎಲ್ಲಿದೆ ಎಂದು ಕೇಳಬೇಡಿ. ಅಥಣಿಯ ದ್ರಾಕ್ಷಿ ಪೆಟ್ಟಿಗೆಗೆ ಚಿತ್ರ ಬೇಕು, ಬೆಲ್ಲದ ಪೊಟ್ಟಣಕ್ಕೆ ಬೇಕು, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಮಾರುವ ಪಟಕ್ಕೆ ಬೇಕು. ರಾಯಬಾಗದಿಂದ ಕಾಗವಾಡದವರೆಗಿನ ಕಬ್ಬಿನ ರೈತನಿಗೆ ರೋಗ-ಕೀಟ ಗುರುತಿಸುವ ಫಲಕ ಬೇಕು. ಅದನ್ನು ಬರೆಯುವವನು ಹೊಲಕ್ಕಿಳಿದು ಎಲೆ ತಿರುವಿ ನೋಡಿರಬೇಕು. ಅಂತರ್ಜಾಲದ ಫೋಟೊ ನೋಡಿ ಬರೆದರೆ ರೈತ ನಗುತ್ತಾನೆ. ಕಂಪ್ಯೂಟರ್ ಈಗ ಕ್ಷಣದಲ್ಲಿ ಚಿತ್ರ ಮಾಡಿಕೊಡುತ್ತದೆ, ನಿಜ. ಗಿರಾಕಿಗೆ ಬೇಕಾದದ್ದು ಏನೆಂದು ಅವನಿಗೇ ಗೊತ್ತಿಲ್ಲದಾಗ ಚಹಾ ಕುಡಿಯುತ್ತಾ ಅದನ್ನು ಹೊರತೆಗೆಯುವ ಕೆಲಸ ಇನ್ನೂ ನಮ್ಮದೇ.

ಪಾಲಕರಿಗೆ ಒಂದು ಮಾತು. ಮಗಳು ಚಿತ್ರ ಬರೆದೇ ಬದುಕುತ್ತೇನೆ ಎಂದರೆ ಗಾಬರಿ ಬೀಳಬೇಡಿ. ‘ಮುಂಗಡ ಎಷ್ಟು ತಗೊಂಡೆ?’ ಎಂದು ಕೇಳಿ. ಅರ್ಧ ಎಂದರೆ ಬುದ್ಧಿವಂತೆ. ಏನೂ ಇಲ್ಲ ಎಂದರೆ ಆಗ ಬೈಯಿರಿ.

ಊಟವಾದ ಮೇಲೆ ಸಂಜೆಯವರೆಗೆ ಇಲ್ಲೇ ಇರುತ್ತೇನೆ. ಬರೆಯುವವರು ಬಂದು ತೋರಿಸಿ. ಫೋನಿನಲ್ಲಿರುವುದು ಬೇಡ, ಕಾಗದದ ಮೇಲಿರುವುದನ್ನು ತನ್ನಿ, ಕೆಟ್ಟಿರುವುದನ್ನೂ ತನ್ನಿ.